ಯುದ್ಧವಿಮಾನ ನೋಡಲು ಬೆಟ್ಟ ಹತ್ತುವುದೇಕೆ?

ನನ್ನ ಹವ್ಯಾಸದ ಬಗ್ಗೆ ತಿಳಿದವರೆಲ್ಲ ಕೇಳುವ ಪ್ರಶ್ನೆ ಒಂದೇ: ಯುದ್ಧವಿಮಾನ ನೋಡಬೇಕೆಂದರೆ ವೈಮಾನಿಕ ಪ್ರದರ್ಶನಕ್ಕೆ ಹೋದರೆ ಸಾಕಲ್ಲವೇ, ಗಾಳಿ ಮಳೆಯಲ್ಲಿ ಬೆಟ್ಟ ಹತ್ತಿ, ಬರುತ್ತದೋ ಇಲ್ಲವೋ ಗೊತ್ತಿಲ್ಲದ ವಿಮಾನಕ್ಕಾಗಿ ಇಡೀ ದಿನ ಕಾಯುವುದೇಕೆ? ಪ್ರದರ್ಶನದಲ್ಲಿ ಪೈಲಟ್ ನೋಡುಗರಿಗಾಗಿ ಹಾರುತ್ತಾರೆ. ಕಣಿವೆಯಲ್ಲಿ ಹಾರುವವರು ತಮ್ಮ ಕೆಲಸವನ್ನು ಅಭ್ಯಾಸ ಮಾಡುತ್ತಿರುತ್ತಾರೆ, ಮತ್ತು ನಾನು ನೋಡಲು ಹೋಗುವುದು ಆ ಕೆಲಸವನ್ನು. ನೆಲಕ್ಕೆ ತೀರಾ ಹತ್ತಿರ ಹಾರಿ ಎದುರಾಳಿಯ ರೇಡಾರ್ ಕಣ್ಣು ತಪ್ಪಿಸುವುದೇ ಆ ಕೆಲಸ. ಅದನ್ನು ಸ್ವಲ್ಪ ವಿವರವಾಗಿ ಹೇಳಿದರೆ ಬೆಟ್ಟ ಹತ್ತುವುದರ ಕಾರಣ ತಾನಾಗಿ ತಿಳಿಯುತ್ತದೆ.

ರೇಡಾರ್ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿಯಾದರೋ ಬಾಗಿದೆ. ನೆಲದಿಂದ ಹತ್ತು ಮೀಟರ್ ಎತ್ತರದಲ್ಲಿರುವ ರೇಡಾರ್, 10,000 ಮೀಟರ್ ಎತ್ತರದಲ್ಲಿ ಬರುವ ವಿಮಾನವನ್ನು ಲೆಕ್ಕದ ಪ್ರಕಾರ 400 ಕಿಲೋಮೀಟರಿಗೂ ಹೆಚ್ಚು ದೂರದಿಂದ ಕಾಣಬಲ್ಲದು. ಅದೇ ವಿಮಾನ 75 ಮೀಟರಿಗೆ ಇಳಿದರೆ, ಸಮತಟ್ಟಾದ ಬಯಲಿನಲ್ಲಿಯೂ ಸುಮಾರು 50 ಕಿಲೋಮೀಟರ್ ಹತ್ತಿರ ಬರುವವರೆಗೆ ಅದು ದಿಗಂತದ ಮರೆಯಲ್ಲೇ ಇರುತ್ತದೆ. ಕೆಳಮಟ್ಟದ ಹಾರಾಟಕ್ಕೆ ಸಾಮಾನ್ಯವಾದ 450 ನಾಟ್ (ಗಂಟೆಗೆ ಸುಮಾರು 830 ಕಿಲೋಮೀಟರ್) ವೇಗದಲ್ಲಿ ಆ ದೂರ ಮೂರೂವರೆ ನಿಮಿಷದ ದಾರಿ. ನಡುವೆ ಬೆಟ್ಟಗಳಿದ್ದರೆ ಎದುರಾಳಿಗೆ ಅಷ್ಟು ಸಮಯವೂ ಸಿಗುವುದಿಲ್ಲ.

ಈ ವಿದ್ಯೆಯ ಬೆಲೆ ಕಾಲಕಾಲಕ್ಕೆ ಏರಿಳಿದಿದೆ. 1991ರ ಕೊಲ್ಲಿ ಯುದ್ಧದ ಮೊದಲ ದಿನಗಳಲ್ಲಿ ಬ್ರಿಟನ್ನಿನ ಟೊರ್ನಾಡೊ ಯುದ್ಧವಿಮಾನಗಳು ಇರಾಕಿನ ವಾಯುನೆಲೆಗಳ ಮೇಲೆ ತೀರಾ ಕೆಳಗೆ ಹಾರಿ ದಾಳಿ ಮಾಡಿದವು, ಕೆಲವನ್ನು ಕಳೆದುಕೊಂಡ ಮೇಲೆ ಮಧ್ಯಮ ಎತ್ತರಕ್ಕೆ ಏರಿದವು. ಎತ್ತರದಿಂದಲೂ ಗುರಿ ತಪ್ಪದ ಬಾಂಬುಗಳು ಬಂದ ನಂತರ, ಕೆಳಗೆ ಹಾರುವ ಕಾಲ ಮುಗಿಯಿತೆಂದು ಹಲವರು ಭಾವಿಸಿದರು. ಉಕ್ರೇನ್ ಯುದ್ಧದಲ್ಲಿ ದೂರಗಾಮಿ ವಿಮಾನವಿರೋಧಿ ಕ್ಷಿಪಣಿಗಳ ಭಯದಿಂದ ಎರಡೂ ಕಡೆಯ ಸು-25 ದಾಳಿ ವಿಮಾನಗಳು ಮರಗಳ ನೆತ್ತಿ ಸವರಿಕೊಂಡು ಹೋಗುವುದನ್ನು ಕಂಡ ಮೇಲೆ ಆ ಮಾತನ್ನು ಯಾರೂ ಅಷ್ಟು ಖಚಿತವಾಗಿ ಆಡಲಾರರೆಂದು ನನ್ನ ಎಣಿಕೆ.

ನಾನು ಹೋಗುವುದು ವೇಲ್ಸ್‌ನ ಮ್ಯಾಕ್ ಲೂಪ್‌ಗೆ. ಶಬ್ದದ ವೇಗದ ಅಳತೆಗೂ ಮ್ಯಾಕ್ ಎಂದೇ ಹೆಸರಿರುವುದರಿಂದ ಹೆಸರು ಕೇಳಿದವರು ಅದನ್ನು ಆ ವೇಗಕ್ಕೆ ಜೋಡಿಸಿಬಿಡುತ್ತಾರೆ, ಆದರೆ ಅದು ಬಂದಿರುವುದು ಪಕ್ಕದ ಮಖಂಥ್ಲೆತ್ (Machynlleth) ಊರಿನ ಹೆಸರಿನ ಮೊದಲ ಅಕ್ಷರಗಳಿಂದ. ಆ ಊರಿಗೂ ಉತ್ತರದ ಡೊಲ್ಗೆಥ್ಲಾಯ್‌ಗೂ ನಡುವೆ ಒಂದಕ್ಕೊಂದು ಕೂಡಿಕೊಂಡ ಕಣಿವೆಗಳ ಸುತ್ತು ಅದು, ವಿಮಾನಗಳು ಅದನ್ನು ಸಾಮಾನ್ಯವಾಗಿ ಅಪ್ರದಕ್ಷಿಣವಾಗಿ ಸುತ್ತುತ್ತವೆ. ಆಂಗ್ಲೆಸಿ ದ್ವೀಪದ ವ್ಯಾಲಿ ವಾಯುನೆಲೆಯಿಂದ ತರಬೇತಿಯ ಹಾಕ್ ಜೆಟ್‌ಗಳು, ಇಂಗ್ಲೆಂಡಿನ ಲೇಕನ್‌ಹೀತ್ ವಾಯುನೆಲೆಯಿಂದ ಅಮೆರಿಕದ ಎಫ್-15ಗಳು, ಎಫ್-35ಗಳು ಬರುತ್ತವೆ. ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ ಜೆಟ್‌ಗಳು 250 ಅಡಿಯವರೆಗೆ ಇಳಿಯಬಹುದು, ಮಧ್ಯ ವೇಲ್ಸ್ ಸೇರಿದಂತೆ ಮೂರು ವಿಶೇಷ ಪ್ರದೇಶಗಳಲ್ಲಿ ನಿಗದಿತ ವೇಳೆಯಲ್ಲಿ 100 ಅಡಿಯವರೆಗೂ ಇಳಿಯಬಹುದು. ಕಣಿವೆಯ ಇಳಿಜಾರು ಅದಕ್ಕಿಂತ ಎತ್ತರವಾದ್ದರಿಂದ ನಾವು ವಿಮಾನದ ಸಮಕ್ಕೆ, ಎಷ್ಟೋ ಸಲ ಅದಕ್ಕಿಂತ ಮೇಲೆ ನಿಂತಿರುತ್ತೇವೆ. ಬೇರೆಲ್ಲ ಕಡೆ ಹೊಟ್ಟೆಯ ಭಾಗವಷ್ಟೇ ಕಾಣುವ ಯಂತ್ರ ಇಲ್ಲಿ ವಾಲಿಕೊಂಡು ತನ್ನ ಬೆನ್ನನ್ನು, ರೆಕ್ಕೆಯ ಮೇಲೆ ಚಿಮ್ಮುವ ಬಿಳಿ ಆವಿಯನ್ನು, ಗಾಜಿನೊಳಗಿನ ಮನುಷ್ಯನನ್ನು ತೋರಿಸುತ್ತ ಹಾದುಹೋಗುತ್ತದೆ.

ಆ ಮನುಷ್ಯ ಏನು ಮಾಡುತ್ತಿದ್ದಾನೆ ಎಂಬುದನ್ನು ಲೆಕ್ಕ ಹಾಕಲು ಕಲಿತ ದಿನದಿಂದ ನನ್ನ ನೋಟವೇ ಬದಲಾಯಿತು. 450 ನಾಟ್ ಎಂದರೆ ಸೆಕೆಂಡಿಗೆ 230 ಮೀಟರ್. 250 ಅಡಿಯಲ್ಲಿರುವಾಗ ವಿಮಾನದ ಮೂಗು ಐದೇ ಡಿಗ್ರಿ ಕೆಳಗೆ ಬಾಗಿ ಹಾಗೆಯೇ ಉಳಿದರೆ ನೆಲ ನಾಲ್ಕು ಸೆಕೆಂಡಿಗೂ ಕಡಿಮೆ ದೂರದಲ್ಲಿರುತ್ತದೆ. ನಕ್ಷೆಯ ಕಡೆ ಕಣ್ಣು ಹಾಯಿಸಿ ಮರಳುವುದಕ್ಕೆ ಅದರ ಅರ್ಧದಷ್ಟು ಹೊತ್ತು ಬೇಕು. ಅದಕ್ಕಾಗಿಯೇ ತಿರುಗುವಾಗ ಬೇರೆ ಯಾವುದರ ಕಡೆಗೂ ಗಮನ ಕೊಡದೆ ಎದುರಿನ ನೆಲವನ್ನು ನೋಡುತ್ತಿರಬೇಕು. ಆ ವೇಗದಲ್ಲಿ ಸಮಮಟ್ಟದಲ್ಲಿ ನಾಲ್ಕು ಜಿ, ಅಂದರೆ ಗುರುತ್ವದ ನಾಲ್ಕು ಪಟ್ಟು, ಬಲದ ತಿರುವಿಗೂ ಸುಮಾರು 1.4 ಕಿಲೋಮೀಟರ್ ತ್ರಿಜ್ಯ ಬೇಕು, ಅಂದರೆ ಕಣಿವೆಯ ಬಾಗು ಕಣ್ಣಿಗೆ ಬೀಳುವ ಮೊದಲೇ ಅದು ಮನಸ್ಸಿನಲ್ಲಿ ಮೂಡಿರಬೇಕು. ಆ ತಿರುವಿನಲ್ಲಿ ತಲೆ ಮತ್ತು ಹೆಲ್ಮೆಟ್ ಎರಡೂ ನಾಲ್ಕು ಪಟ್ಟು ಭಾರವಾಗಿರುತ್ತವೆ. ಇದರ ಜೊತೆಗೆ ವಿದ್ಯುತ್ ತಂತಿ, ಹಕ್ಕಿಗಳ ಹಿಂಡು, ಎದುರಿನಿಂದ ಬರಬಹುದಾದ ಮತ್ತೊಂದು ವಿಮಾನ, ಬೆಟ್ಟದ ತಲೆ ಮುಚ್ಚುವ ಮೋಡ. ಮೋಡ ಮುಚ್ಚಿದರೆ ಕಣಿವೆಯನ್ನು ತಕ್ಷಣ ಬಿಟ್ಟು ಮೇಲೇರಬೇಕು. ಹಾಗೆ ಮೇಲೇರಿ ಮರೆಯಾದ ವಿಮಾನಗಳನ್ನು ಕಂಡು ನನ್ನ ಪಕ್ಕದಲ್ಲಿ ನಿಂತವರು ಬೇಸರಪಟ್ಟಿದ್ದಾರೆ; ನನಗೆ ಮಾತ್ರ ಅದು ಆ ದಿನದ ಅತ್ಯಂತ ಒಳ್ಳೆಯ ಹಾರಾಟವೆನಿಸಿದೆ.

ಇದರಲ್ಲಿ ಅಪಾಯವಿಲ್ಲವೆಂದು ನಾನು ಹೇಳಲಾರೆ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ರೇನ್‌ಬೋ ಕಮರಿಯಲ್ಲಿ 2019ರ ಜುಲೈ 31ರಂದು ಅಮೆರಿಕ ನೌಕಾಪಡೆಯ ಸೂಪರ್ ಹಾರ್ನೆಟ್ ಯುದ್ಧವಿಮಾನ ಬಂಡೆಗೆ ಅಪ್ಪಳಿಸಿ ಪೈಲಟ್ ತೀರಿಕೊಂಡರು, ಮೇಲೆ ನಿಂತಿದ್ದ ಏಳು ಮಂದಿ ಗಾಯಗೊಂಡರು. ವೇಲ್ಸ್‌ನ ಆ ಕಣಿವೆಗಳಲ್ಲಿ ಬದುಕುವವರ, ಕುರಿ ಕುದುರೆ ಸಾಕುವವರ ದೂರು ಕೂಡ ನ್ಯಾಯವಾದದ್ದೇ. ನಾನು ಕೇಳಲೆಂದೇ ಹೋಗುವ ಸದ್ದು ಅವರ ಮನೆಯ ಮೇಲೆ ಹೇಳದೆ ಕೇಳದೆ ಎರಗುತ್ತದೆ.

ಎರಗುತ್ತದೆ ಎಂಬ ಮಾತನ್ನು ಯೋಚಿಸಿಯೇ ಬರೆದೆ. ಈ ವಿಮಾನಗಳು ಶಬ್ದಕ್ಕಿಂತ ನಿಧಾನವಾಗಿಯೇ ಹೋಗುತ್ತವೆ, ಆದರೂ ಒಂದು ಕಿಲೋಮೀಟರ್ ಆಚೆಯ ಮೂಲೆ ತಿರುಗಿದ ವಿಮಾನ ತನ್ನ ಸದ್ದಿಗಿಂತ ಒಂದೂವರೆ ಸೆಕೆಂಡಷ್ಟೇ ಹಿಂದಿರುತ್ತದೆ. ಅದಕ್ಕೂ ಮೊದಲು ಸದ್ದನ್ನು ಬೆಟ್ಟ ತಡೆದಿರುತ್ತದೆ. ಹಾಗಾಗಿ ಕಾಯುವವರು ಕಿವಿಯನ್ನು ನಂಬದೆ ಕಣಿವೆಯ ಬಾಯನ್ನು ನೋಡುತ್ತಿರುತ್ತಾರೆ. ಒಂದು ಮಧ್ಯಾಹ್ನ, ಐದು ಗಂಟೆ ಕಾದ ಮೇಲೆ, ಹಾಕ್ ಒಂದು ನಾನು ನಿಂತ ಇಳಿಜಾರಿನ ಕೆಳಗಿನಿಂದ ಪೂರ್ತಿ ವಾಲಿಕೊಂಡು ಬಂತು. ಮುಂದಿನ ಆಸನದ ಹೆಲ್ಮೆಟ್ ಸ್ಪಷ್ಟವಾಗಿ ಕಂಡಿತು. ಕೈಬೀಸುತ್ತಿದ್ದ ನಮ್ಮ ಕಡೆ ಅದು ಒಂದಿಷ್ಟೂ ತಿರುಗಲಿಲ್ಲ, ಇನ್ನೂ ತಲುಪದ ಮುಂದಿನ ಬೆಟ್ಟದ ಅಂಚಿನ ಮೇಲೆಯೇ ನೆಟ್ಟಿತ್ತು.