ಟ್ಯೂಬಿನ ಮೇಲಿನ ಟೈಟರ್ ನಂಬುವ ಮೊದಲು

ಕೋಶಗಳೊಳಗೆ ಜೀನ್ ಸೇರಿಸಲು ಬಳಸುವ ಲೆಂಟಿವೈರಸ್ ಕಣಗಳ ಪಾರ್ಸೆಲ್ ಬೆಂಗಳೂರಿಂದ ಕಾರವಾರಕ್ಕೆ ರಸ್ತೆಯಲ್ಲಿ ಬರುವುದಾದರೆ ಸಾಮಾನ್ಯವಾಗಿ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ಗಾಡಿ ನಿಂತರೆ ನಿಂತಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಿಸುವವರು ಎರಡು ದಿನ ಹೆಚ್ಚಿಗೆ ತಾಳುವಷ್ಟು ಡ್ರೈ ಐಸ್ ಹಾಕಲು ಮೊದಲೇ ಹೇಳಿಡಿ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಅದಕ್ಕೂ ಮೊದಲೇ ಕೈಯಲ್ಲಿರಲಿ.

ಡಬ್ಬಿ ಬಂದಕೂಡಲೇ ಟ್ಯೂಬ್ ಕರಗಿಸಬೇಡಿ. ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಡ್ರೈ ಐಸ್‌ನ ಇಂಗಾಲದ ಡೈಆಕ್ಸೈಡ್ ಒಳಸೇರಿರುತ್ತದೆ. ಆಗಲೇ ಕರಗಿಸಿದರೆ ದ್ರವ ಆಮ್ಲೀಯವಾಗಿ ಕಣಗಳು ಹಾಳಾಗುತ್ತವೆ. ಮೈನಸ್ 80 ಡಿಗ್ರಿ ಫ್ರೀಜರ್‌ನಲ್ಲಿ ಒಂದೆರಡು ದಿನ ಇಟ್ಟರೆ ಆ ಅನಿಲ ಹೊರಹೋಗುತ್ತದೆ. ಆಮೇಲೆ ಐಸ್ ಮೇಲೆ ಕರಗಿಸಿ, ಒಂದೊಂದು ಪ್ರಯೋಗಕ್ಕೆ ಬೇಕಾದಷ್ಟೇ ಸಣ್ಣ ಟ್ಯೂಬ್‌ಗಳಿಗೆ ಹಂಚಿಡಿ. ಪ್ರತಿ ಸಲ ಹೆಪ್ಪುಗಟ್ಟಿಸಿ ಕರಗಿಸಿದಾಗಲೂ ಟೈಟರ್, ಅಂದರೆ ಒಂದು ಮಿಲಿಲೀಟರಿನಲ್ಲಿ ಕೋಶಕ್ಕೆ ಹೊಗಬಲ್ಲ ಕಣಗಳ ಸಂಖ್ಯೆ, ಇಳಿಯುತ್ತದೆ. ಕರೆಂಟು ಹೋದಾಗ ಫ್ರೀಜರ್ ಬಾಗಿಲು ತೆರೆದು ನೋಡುವ ಚಪಲ ಬೇಡವೇ ಬೇಡ.

ಎಷ್ಟು ವೈರಸ್ ಹಾಕಬೇಕೆಂಬ ಲೆಕ್ಕ ಹೀಗೆ. 24 ಗುಳಿಗಳ ಪ್ಲೇಟಿನ ಒಂದು ಗುಳಿಯಲ್ಲಿ 50,000 ಕೋಶ, ಟೈಟರ್ ಮಿಲಿಲೀಟರಿಗೆ 1 ಕೋಟಿ. ಕೋಶಕ್ಕೆ 5 ಕಣ ಬೇಕೆಂದರೆ 2.5 ಲಕ್ಷ ಕಣ, ಅಂದರೆ 25 ಮೈಕ್ರೋಲೀಟರ್. ಎಣಿಕೆ ಮಾತ್ರ ವೈರಸ್ ಹಾಕುವ ದಿನದ್ದೇ ಆಗಿರಬೇಕು. ಹಿಂದಿನ ದಿನ ಹರಡಿದ ಕೋಶಗಳು ಅಷ್ಟರಲ್ಲಿ ಹೆಚ್ಚಿರುತ್ತವೆ. ಕೋಶಕ್ಕೆ ಸರಾಸರಿ 1 ಕಣ ಹಾಕಿದರೂ ಶೇ. 37ರಷ್ಟು ಕೋಶಗಳಿಗೆ ಏನೂ ಸಿಗುವುದಿಲ್ಲ. ಒಂದೊಂದು ಕೋಶದಲ್ಲಿ ಜೀನ್‌ನ ಒಂದೇ ಪ್ರತಿ ಸಾಕು ಎನ್ನುವವರು 0.3ಕ್ಕೆ ಇಳಿಯಬೇಕು. ಟ್ಯೂಬಿನ ಮೇಲಿನ ಸಂಖ್ಯೆ ಬೇರೆ ಬಗೆಯ ಕೋಶದಲ್ಲಿ ಅಳೆದದ್ದಿರಬಹುದು, ಹಾಗಾಗಿ ಕೋಶಕ್ಕೆ 1, 5, 10 ಕಣ ಹಾಕಿ ನಿಮ್ಮ ಕೋಶದಲ್ಲೇ ನೋಡುವುದು ನನ್ನ ಮಟ್ಟಿಗೆ ಕಡ್ಡಾಯ.

ಕಣಗಳು ಕೋಶಕ್ಕೆ ಅಂಟಲು ನೆರವಾಗುವ ಪಾಲಿಬ್ರೀನ್ ಮಿಲಿಲೀಟರಿಗೆ 8 ಮೈಕ್ರೋಗ್ರಾಂ. ಅದನ್ನು ತಾಳದ ಕೋಶಗಳಿಗೆ ಪ್ರೋಟಮಿನ್ ಸಲ್ಫೇಟ್. ಮರುದಿನ ಮಾಧ್ಯಮ ಬದಲಿಸಿ. 48 ಗಂಟೆಗೆ, ಜೀನ್ ಸೇರದ ಕೋಶಗಳನ್ನು ಕೊಲ್ಲುವ ಪ್ಯೂರೊಮೈಸಿನ್. ಪ್ರಮಾಣವನ್ನು ವೈರಸ್ ಕಾಣದ ಕೋಶಗಳ ಮೇಲೆ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಜೀನ್ ಹೊರುವ ನಿಮ್ಮ ವೆಕ್ಟರ್‌ನಲ್ಲಿರುವುದು ನಿಯೋಮೈಸಿನ್ ನಿರೋಧಕ ಜೀನ್ ಆದರೆ ಎಚ್‌ಇಕೆ 293ಟಿ ಕೋಶ ಬೇಡ, ಅವು ಆ ಔಷಧಕ್ಕೆ ಮೊದಲೇ ಜಗ್ಗುವುದಿಲ್ಲ.

ಗುರುತಿಗೆಂದು ಪ್ರೋಟೀನಿಗೆ ಜೋಡಿಸಿದ ಹಸಿರು ಟ್ಯಾಗ್ ಮೊದಲ ದಿನವೇ ಮಿನುಗಿದರೆ ನಂಬಬೇಡಿ. ಕಣಗಳ ಜೊತೆ ತೇಲಿಬಂದ ಪ್ರೋಟೀನೂ ಹಾಗೇ ಹೊಳೆಯುತ್ತದೆ. 72 ಗಂಟೆ ಕಾಯಿರಿ.

ಬಳಸಿದ ಪಿಪೆಟ್ ತುದಿ, ಮಾಧ್ಯಮ ಎಲ್ಲವೂ ಅದೇ ದಿನ ಬೆರೆಸಿದ ಶೇ. 10ರ ಬ್ಲೀಚ್‌ನಲ್ಲಿ 30 ನಿಮಿಷ ಇರಲಿ. ಈ ಕಣಗಳು ಮರಿಹಾಕವು, ಆದರೆ ಮನುಷ್ಯನ ಕೋಶಕ್ಕೂ ಹೊಕ್ಕು ಜೀನ್ ಅನ್ನು ಕಾಯಂ ಕೂರಿಸಬಲ್ಲವು. ಸೂಜಿ, ಬ್ಲೇಡು ಹತ್ತಿರವೂ ಬೇಡ.

ಪ್ಯೂರೊಮೈಸಿನ್‌ಗೆ ಜಗ್ಗದ ಕೋಶಗಳಿವೆ, ಪ್ರೋಟೀನ್ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ ಟ್ಯಾಗ್ ಕಾಣುತ್ತಿಲ್ಲ ಎಂದಾದರೆ ಕೋಶ ಬೆಳೆದ ಮಾಧ್ಯಮವನ್ನೂ ಒಂದು ಲೇನ್‌ನಲ್ಲಿ ಓಡಿಸಿ. ಸ್ರವಿಸುವ ಪ್ರೋಟೀನ್ ಅಲ್ಲೇ ಸಿಗುತ್ತದೆ. ಅಲ್ಲೂ ಇಲ್ಲವಾದರೆ ಟ್ಯಾಗ್ ಕತ್ತರಿಸಿಹೋಗಿದೆಯೇ ಎಂದು ಪ್ರೋಟೀನ್‌ನದೇ ಆಂಟಿಬಾಡಿ ಹಾಕಿ ನೋಡಿ.