ಬಿಸಿಲನ್ನು ಕೊಳವೆಯೊಳಗೆ ಕೂರಿಸುವ ಲೆಕ್ಕ

ಅಮೆರಿಕದ ಯೂಟಾ ರಾಜ್ಯದ ಮರುಭೂಮಿಯಲ್ಲಿ, ಲೂಸಿನ್ ಎಂಬ ಪಾಳುಬಿದ್ದ ಊರಿನ ಹತ್ತಿರ, ನಾಲ್ಕು ದೊಡ್ಡ ಕಾಂಕ್ರೀಟ್ ಕೊಳವೆಗಳು ಬಯಲಲ್ಲಿ ಮಲಗಿವೆ. ಕಲಾವಿದೆ ನ್ಯಾನ್ಸಿ ಹೋಲ್ಟ್ 1973ರಿಂದ 1976ರವರೆಗೆ ದುಡಿದು ಕಟ್ಟಿದ 'ಸನ್ ಟನಲ್ಸ್' (ಸೂರ್ಯ ಸುರಂಗಗಳು) ಎಂಬ ಕಲಾಕೃತಿ ಇದು. ಒಂದೊಂದು ಕೊಳವೆ 18 ಅಡಿ ಉದ್ದ, ಒಳವ್ಯಾಸ 8 ಅಡಿ, ಗೋಡೆ 7 ಇಂಚಿಗಿಂತ ತುಸು ದಪ್ಪ, ತೂಕ 22 ಟನ್. ಗುಣಾಕಾರ ಚಿಹ್ನೆಯಂತೆ ಎದುರುಬದುರು ಜೋಡಿಸಿದ್ದಾರೆ. ಒಂದು ತುದಿಯಿಂದ ಎದುರು ತುದಿಗೆ 86 ಅಡಿ. ಜೂನ್ ಮತ್ತು ಡಿಸೆಂಬರ್ 21ರ ಆಸುಪಾಸಿನಲ್ಲಿ ಹುಟ್ಟುವ, ಮುಳುಗುವ ಸೂರ್ಯ ಈ ಕೊಳವೆಗಳ ಬಾಯೊಳಗೆ ಬಂದು ಕೂರುತ್ತಾನೆ.

ಬೆಳಕಿನ ಕಲಾಕೃತಿಗಳಲ್ಲಿ ಇಷ್ಟು ಸರಳ ಸಾಮಗ್ರಿಯಿಂದ ಇಷ್ಟು ದೊಡ್ಡ ಕೆಲಸ ಮಾಡಿದ್ದು ಅಪರೂಪ. ಆದರೆ ಇದೇ ಅಳತೆಯನ್ನು ಬೆಂಗಳೂರಿಗೆ ತಂದಿಟ್ಟರೆ ಕೆಲಸ ಮಾಡುವುದಿಲ್ಲ. ಕಾರಣ ಅಕ್ಷಾಂಶ. ಭೂಮಿಯ ಅಕ್ಷದ ಓರೆಯಾದ 23.44 ಡಿಗ್ರಿಯ ಸೈನನ್ನು ಊರಿನ ಅಕ್ಷಾಂಶದ ಕೊಸೈನಿನಿಂದ ಭಾಗಿಸಿ. ಬಂದದ್ದು ಯಾವ ಕೋನದ ಸೈನೋ, ಜೂನ್ 21ರ ಸೂರ್ಯ ನೇರ ಪೂರ್ವದಿಂದ ಅಷ್ಟು ಡಿಗ್ರಿ ಉತ್ತರಕ್ಕೆ ಹುಟ್ಟುತ್ತಾನೆ. ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೆ. ಲೂಸಿನ್ ಬಳಿ (41.3 ಡಿಗ್ರಿ) ಇದು 32 ಡಿಗ್ರಿ. ಬೆಂಗಳೂರಿನಲ್ಲಿ (12.97) 24 ಮಾತ್ರ. 86 ಅಡಿ ದೂರದಲ್ಲಿ ಒಂದು ಡಿಗ್ರಿ ತಪ್ಪೆಂದರೆ ಒಂದೂವರೆ ಅಡಿ, ಅಂದರೆ 8 ಡಿಗ್ರಿ ತಪ್ಪಿದರೆ ಸೂರ್ಯ ಕೊಳವೆಯ ಬಾಯಿಂದಲೇ ಆಚೆ.

ದಿಗಂತದಲ್ಲಿ ಗುಡ್ಡವಿದ್ದರೆ ಇನ್ನೊಂದು ತೊಡಕು. ಯೂಟಾದಲ್ಲಿ ಸೂರ್ಯ ಓರೆಯಾಗಿ ಏರುತ್ತಾನೆ; ದಿಗಂತ ಒಂದು ಡಿಗ್ರಿ ಎತ್ತರವಾದರೆ ಅವನು ಕಾಣಿಸುವ ಜಾಗವೂ ಸುಮಾರು ಒಂದು ಡಿಗ್ರಿ ಪಕ್ಕಕ್ಕೆ ಸರಿಯುತ್ತದೆ. ನಮ್ಮಲ್ಲಿ ಅವನು ಹೆಚ್ಚುಕಡಿಮೆ ನೆಟ್ಟಗೆ ಏರುವುದರಿಂದ ಆ ಸರಿತ ಕಾಲು ಡಿಗ್ರಿಯಷ್ಟೇ. ಗುಡ್ಡಗಳ ನಡುವೆಯೂ ಇಂಥದ್ದನ್ನು ಕಟ್ಟಲು ಕರ್ನಾಟಕ ಒಳ್ಳೆಯ ಜಾಗ ಅನ್ನುವುದು ಈ ಲೆಕ್ಕದಿಂದಲೇ.

ಆದರೆ ಜೂನ್ 21 ಬೇಡ. ಮುಂಗಾರಿನ ಮೋಡ ಸೂರ್ಯೋದಯವನ್ನೇ ಬಿಡುವುದಿಲ್ಲ. ಡಿಸೆಂಬರ್ ಹಿಡಿಯಿರಿ, ಮಂಜು ಒಂದೆರಡು ದಿನ ಕೆಡಿಸಿದರೂ ನಷ್ಟವಿಲ್ಲ. ಆ ಹೊತ್ತಿಗೆ ಸೂರ್ಯ ದಿಕ್ಕು ಬದಲಿಸುವ ಮುನ್ನ ನಿಂತಂತಿರುತ್ತಾನೆ, ಐದು ದಿನ ಹಿಂದೆ ಮುಂದೆ ಆದರೂ ಅವನ ಕ್ರಾಂತಿಯಲ್ಲಿ, ಅಂದರೆ ಆಕಾಶದ ನಡುಗೆರೆಯಿಂದ ಅವನು ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವ ಕೋನದಲ್ಲಿ, ಡಿಗ್ರಿಯ ಹತ್ತನೇ ಒಂದು ಭಾಗವೂ ವ್ಯತ್ಯಾಸವಾಗದು. ಮಾರ್ಚ್, ಸೆಪ್ಟೆಂಬರಿನ ಸಮದಿನಗಳಲ್ಲಿ ದಿನಕ್ಕೆ 0.4 ಡಿಗ್ರಿ ಓಡುತ್ತಾನೆ. ಒಂದು ದಿನ ಮೋಡವಾದರೆ ಮುಗಿಯಿತು. ಉಳಿದ ಯಾವ ದಿನ ಆರಿಸಿದರೂ ಅದೇ ಬೆಳಕು ವರ್ಷಕ್ಕೆ ಎರಡು ಸಲ ಬರುತ್ತದೆ. ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಜನ ಕಾಯುವ ಕಿರಣದ ಕೋನ ನವೆಂಬರ್ ಕೊನೆಯ ವಾರದಲ್ಲೂ ಒದಗುತ್ತದೆ.

ಹೋಲ್ಟ್ ಕೊಳವೆಗಳ ಮೈಯಲ್ಲಿ ತೂತುಗಳನ್ನೂ ಕೊರೆಸಿದರು: ಡ್ರಾಕೋ, ಪರ್ಸಿಯಸ್, ಕೊಲಂಬಾ, ಮಕರ, ಒಂದೊಂದು ಕೊಳವೆಗೆ ಒಂದೊಂದು ನಕ್ಷತ್ರಪುಂಜ. ನಕ್ಷತ್ರದ ಹೊಳಪಿಗೆ ತಕ್ಕಂತೆ ವ್ಯಾಸ 7, 8, 9, 10 ಇಂಚು. ಹಗಲಲ್ಲಿ ಒಳಗೋಡೆಯ ಮೇಲೆ ಬೆಳಕಿನ ನಕ್ಷತ್ರಗಳು ನಿಧಾನಕ್ಕೆ ನಡೆಯುತ್ತವೆ. ತೂತಿನ ಅಳತೆ ಇಲ್ಲಿ ಬಹಳ ಮುಖ್ಯ. ಸೂರ್ಯ ಅರ್ಧ ಡಿಗ್ರಿ ಅಗಲದ ಬಿಲ್ಲೆಯಾದ್ದರಿಂದ ಬೆಳಕು ಹೋದ ದೂರದ 107ನೇ ಒಂದು ಭಾಗದಷ್ಟು ಅಂಚು ಮಸುಕಾಗುತ್ತದೆ. 8 ಅಡಿಗೆ ಅದು 2.3 ಸೆಂಟಿಮೀಟರ್, 7 ಇಂಚಿನ ವೃತ್ತಕ್ಕೆ ಅದು ಲೆಕ್ಕಕ್ಕಿಲ್ಲ. ಮಾಮೂಲಿ ತಪ್ಪೆಂದರೆ ದಪ್ಪ ಗೋಡೆಗೆ ಸಣ್ಣ ತೂತು. 18 ಸೆಂಟಿಮೀಟರ್ ಗೋಡೆಯಲ್ಲಿ 5 ಸೆಂಟಿಮೀಟರ್ ತೂತು ಕೊರೆದರೆ ತೂತಿನ ನೇರದಿಂದ 15 ಡಿಗ್ರಿ ಸರಿಯುವಷ್ಟರಲ್ಲಿ ಬೆಳಕು ನಿಂತುಹೋಗುತ್ತದೆ. ದಿನಕ್ಕೆ ಎರಡು ಗಂಟೆ ಸಿಕ್ಕರೆ ಹೆಚ್ಚು. ಕೋರ್ ಕಟಿಂಗ್ (ಯಂತ್ರದಿಂದ ಕಾಂಕ್ರೀಟಿನಲ್ಲಿ ದುಂಡು ತೂತು ಕೊರೆಯುವುದು) ಮಾಡುವ ಮುಂಚೆ ಕಬ್ಬಿಣದ ಸರಳುಗಳ ಜಾಗ ಗುರುತು ಹಾಕಿಕೊಳ್ಳದಿದ್ದರೆ ಸರಳು ತುಂಡಾಗಿ ಕೊಳವೆಯೇ ದುರ್ಬಲವಾಗುತ್ತದೆ.

ಯೂಟಾದಲ್ಲಿ ಎಂದೂ ಸಾಧ್ಯವಿಲ್ಲದ ಒಂದು ತೂತು ನಮಗೆ ಸಾಧ್ಯ: ಕೊಳವೆಯ ನೆತ್ತಿಯಲ್ಲಿ ಒಂದು. ಸೂರ್ಯ ನಡುನೆತ್ತಿಗೆ ಬರುವ, ಬೆಂಗಳೂರಿನ ಶೂನ್ಯ ನೆರಳಿನ ದಿನಗಳಾದ ಏಪ್ರಿಲ್ 24 (ಸುಮಾರು 12.18ಕ್ಕೆ) ಮತ್ತು ಆಗಸ್ಟ್ 18ರಂದು (12.24ರ ಹೊತ್ತಿಗೆ) ಬೆಳಕು ನೆಟ್ಟಗೆ ಕೆಳಗೆ ಇಳಿಯುತ್ತದೆ. ನಾನಾದರೆ ಏಪ್ರಿಲನ್ನೇ ನಂಬುವೆ.

ದಿಕ್ಕು ಗುರುತಿಸಲು ದಿಕ್ಸೂಚಿ ಬೇಡ. ಕರ್ನಾಟಕದಲ್ಲಿ ಅದು ಸುಮಾರು ಒಂದು ಡಿಗ್ರಿ ತಪ್ಪು ತೋರಿಸುತ್ತದೆ, ಯೂಟಾದಲ್ಲಿ ಹತ್ತಕ್ಕೂ ಹೆಚ್ಚು. ಕಾಂಕ್ರೀಟಿನ ಕಬ್ಬಿಣ ಬೇರೆ ಅದನ್ನು ಎಳೆಯುತ್ತದೆ. ಹಳೆಯ ಶಂಕುವಿನ ವಿಧಾನ ಸಾಕು. ಮಟ್ಟಸ ನೆಲದಲ್ಲಿ ಒಂದು ಮೀಟರ್ ಗೂಟವನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ, ಬೆಳಗ್ಗೆ ಒಂಬತ್ತರ ನೆರಳಿನ ತುದಿಗೆ ಗುರುತು ಹಾಕಿ, ಗೂಟವನ್ನು ನಡುವಾಗಿಟ್ಟು ಆ ಗುರುತಿನ ಮೇಲೆ ಹಾಯುವ ವೃತ್ತ ಎಳೆಯಿರಿ. ಮಧ್ಯಾಹ್ನದ ಮೇಲೆ ತುದಿ ವೃತ್ತವನ್ನು ಮತ್ತೆ ಮುಟ್ಟಿದಲ್ಲಿ ಇನ್ನೊಂದು ಗುರುತು. ಎರಡನ್ನೂ ಸೇರಿಸಿದರೆ ಪೂರ್ವ-ಪಶ್ಚಿಮ. ನೆರಳಿನ ತುದಿ ಮಸುಕಾಗಿರುತ್ತದೆ. ಗೂಟದ ತಲೆಗೆ ಸಣ್ಣ ತೂತಿನ ತಗಡು ಕಟ್ಟಿ, ಬೆಳಕಿನ ಚುಕ್ಕೆಯ ನಡುವನ್ನು ಗುರುತಿಸಿ. ಇದನ್ನೂ ಡಿಸೆಂಬರಿನಲ್ಲೇ ಮಾಡಿದರೆ ಒಳಿತು.

ಕೊನೆಗೆ ಮಳೆನೀರು. ನೀರು ಹರಿಯಲೆಂದು ಕೊಳವೆಯನ್ನೇ ನೂರಕ್ಕೆ ಒಂದರಂತೆ ಇಳಿಜಾರು ಮಾಡಿದರೆ ಅದರ ನೋಟ ಅರ್ಧ ಡಿಗ್ರಿಗಿಂತ ಹೆಚ್ಚು, ಅಂದರೆ ಒಂದು ಇಡೀ ಸೂರ್ಯಬಿಂಬದಷ್ಟು ಮೇಲೆ ಕೆಳಗೆ ಆಗುತ್ತದೆ. ಕೊಳವೆ ಮಟ್ಟವಾಗಿಯೇ ಇರಲಿ. ತಳದ ಗಾರೆಗೆ ಮಾತ್ರ ಎರಡೂ ತುದಿಯಿಂದ ನಡುವಿಗೆ ಇಳಿಜಾರು ಕೊಟ್ಟು, ಅಲ್ಲಿ ಮೂರು ಇಂಚಿನ ಪೈಪು ಇಳಿಸಿ, ಅದರ ಬಾಯಿಗೆ ಎಲೆಗಳು ಸಿಕ್ಕಿಕೊಳ್ಳದಂತೆ ಜಾಲರಿ ಹಾಕಿ.