ಒಂದು ಚುಕ್ಕಿ, ಎರಡು ಟಂಕಸಾಲೆ

ಚಿಯೆನ್‌ಲುಂಗ್ ಎಂಬ ಚೀನೀ ದೊರೆಯ ಕಾಲದ (1736–1795) ನಾಣ್ಯಗಳ ಕಂತೆಯನ್ನು ಟಂಕಸಾಲೆವಾರು ವಿಂಗಡಿಸುತ್ತ ಅರ್ಧ ದಾಟುವಷ್ಟರಲ್ಲಿ ಹನ್ನೊಂದನೆಯ ನಾಣ್ಯ ಕೈಕೊಟ್ಟಿತು. 20 ನಾಣ್ಯ ಎಂದು ದುಡ್ಡು ಎಣಿಸಿಕೊಂಡವರು ಕಟ್ಟಿಕೊಟ್ಟದ್ದು 18, ಅದು ಬೇರೆ ಮಾತು.

ಮುಂಬದಿಯ ನಾಲ್ಕು ಚೀನೀ ಅಕ್ಷರಗಳದ್ದೇನೂ ತಕರಾರಿಲ್ಲ. ರಗಳೆಯೆಲ್ಲ ಹಿಂಬದಿಯ ಮಂಚು ಲಿಪಿಯದು, ಅಂದರೆ ಆ ದೊರೆಮನೆತನದ ಸ್ವಂತ ಲಿಪಿಯದು. ನಾಣ್ಯದ ನಡುವಿನ ಚೌಕ ತೂತಿನ ಬಲಕ್ಕೆ ‘ಚಿಯೋವಾನ್’ ಇದ್ದರೆ ಬೀಜಿಂಗ್‌ನ ಕಂದಾಯ ಇಲಾಖೆಯ ಟಂಕಸಾಲೆ, ‘ಯುವಾನ್’ ಇದ್ದರೆ ಅದೇ ಊರಿನ ಕಾಮಗಾರಿ ಇಲಾಖೆಯದು. ಮಂಚು ಲಿಪಿಯಲ್ಲಿ ‘ಒ’ಗೆ ಚುಕ್ಕಿ ಇಟ್ಟರೆ ‘ಉ’. ಹಾಗಾಗಿ ಸವೆದ ನಾಣ್ಯದಲ್ಲಿ ಕಣ್ಣು ಮೊದಲು ಹುಡುಕುವುದೇ ಆ ಚುಕ್ಕಿಯನ್ನು. ಇದರಲ್ಲೂ ಇತ್ತು. ‘ಯುವಾನ್’ ಎಂದು ಚೀಟಿ ಅಂಟಿಸಿಯೂ ಆಯಿತು. ಆಮೇಲೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಆರು ದಿನ ನೆನೆಸಿ, ದಿನಾ ನೀರು ಬದಲಿಸಿ, ಬಿದಿರುಕಡ್ಡಿ ತಾಗಿಸಿದರೆ ಚುಕ್ಕಿಯೇ ಎದ್ದುಬಂತು! ಬರೀ ಕಿಲುಬು.

ಮೊಬೈಲ್ ಟಾರ್ಚನ್ನು ನಾಣ್ಯದ ಮಟ್ಟಕ್ಕೇ ಮಲಗಿಸಿ ಹಿಡಿದು, 10 ಪಟ್ಟಿನ ಮಸೂರದಲ್ಲಿ ನಾಲ್ಕೂ ಕಡೆಯಿಂದ ನೋಡಬೇಕಿತ್ತು. ಎರಕದ ಚುಕ್ಕಿ ಸುತ್ತಲಿನ ಲೋಹಕ್ಕೆ ಇಳಿಜಾರಾಗಿ ಬೆರೆತಿರುತ್ತದೆ. ಕಿಲುಬಿನ ಗುಳ್ಳೆಗೆ ಅಂಚು ಕಡಿದಂತಿರುತ್ತದೆ, ಮೈಯೆಲ್ಲ ಹರಳು ಹರಳು. ಇಷ್ಟಾದರೂ ನಂಬುವ ಹಾಗಿಲ್ಲ. ಮರಳಿನ ಅಚ್ಚಿನಲ್ಲಿ ಒಂದು ಕಣ ಉದುರಿದರೆ ಅಲ್ಲೊಂದು ಲೋಹದ ಗುಬಟು ಏಳುತ್ತದೆ. ಅದಕ್ಕೇ ಪದದ ತಲೆಯನ್ನೂ ನೋಡಬೇಕು: ‘ಚ’ಗೆ ಕೋನವಿರುತ್ತದೆ, ‘ಯ’ ಮೇಲಕ್ಕೆ ಬಾಗಿದ ಹಲ್ಲು. ಇದರಲ್ಲಿರುವುದು ಕೋನ. ಚೀಟಿ ಕಿತ್ತು ಕಂದಾಯಕ್ಕೆ ಸೇರಿಸಿದ್ದಾಯಿತು. ತೂಕ 4.1 ಗ್ರಾಂ, ನಿಗದಿ ಆಗಿನ ಚೀನೀ ತೂಕದಲ್ಲಿ 1.2 ಚಿಯೆನ್, ಅಂದರೆ ಸುಮಾರು 4.5 ಗ್ರಾಂ. ಸವೆತಕ್ಕೆ ಸರಿಹೋಯಿತು.

ಹುಣಸೆಹುಳಿ ಹಚ್ಚಿ ತಿಕ್ಕಿ ಎನ್ನುವವರಿಗೆ ದೂರದಿಂದಲೇ ನಮಸ್ಕಾರ. 1740ರಲ್ಲಿ ಗೊತ್ತುಮಾಡಿದ ಮಿಶ್ರಣದಲ್ಲಿ ತಾಮ್ರ 50, ಸತು 41.5, ಸೀಸ 6.5, ತವರ 2 ಪಾಲು. ಹುಳಿ ಬಿದ್ದರೆ ಸತು ಕರಗಿ ಹೋಗಿ ಮೇಲೆ ಗುಲಾಬಿ ಬಣ್ಣದ ತಾಮ್ರ ಉಳಿಯುತ್ತದೆ. ಅಂಥ ಮಾಲನ್ನೇ ‘ಶಿನ್‌ಜಿಯಾಂಗ್‌ನ ಕೆಂಪು ನಾಣ್ಯ’ ಎಂದು ಮೂರು ಪಟ್ಟು ಬೆಲೆಗೆ ಮಾರುವ ಮಹಾನುಭಾವರಿದ್ದಾರೆ. ಮಗುಚಿ ನೋಡಿದರೆ ಬೀಜಿಂಗ್ ಟಂಕಸಾಲೆಯ ಹೆಸರು! ಶಿನ್‌ಜಿಯಾಂಗ್‌ನ ಯಾರ್ಕಂದ್ ಊರಿನ ಅಸಲಿ ನಾಣ್ಯ ಬಹುಪಾಲು ತಾಮ್ರವೇ; ಅದರ ಹಿಂಬದಿಯಲ್ಲಿ ಮಂಚುವಿನ ಜೊತೆ ಅರಬಿ ಲಿಪಿಯೂ ಇರುತ್ತದೆ, ಗೀರು ಬಿದ್ದಲ್ಲೂ ಕೆಂಪೇ ಕಾಣುತ್ತದೆ.

ಉಳಿದ ಏಳು ನೆನೆಯುತ್ತಿರುವಾಗ ಮುಂದಿನ ಆಲ್ಬಮ್ಮಿಗೆ ಕೈಹಾಕಿಯಾಗಿದೆ: ಚೀನಾದ 1980ರ 1 ಜಿಯಾವೋ (ಯುವಾನ್ ಹಣದ ಹತ್ತನೇ ಒಂದು ಪಾಲು) ನೋಟು. ಮುಂದೆ ಗಾವೋಶಾನ್ ಮತ್ತು ಮಂಚು ಜನಾಂಗದವರ ಮುಖ. ಹಿಂದೆ ಮಂಗೋಲ್, ಟಿಬೆಟನ್, ಉಯ್ಗುರ್, ಜುವಾಂಗ್ ಬರಹ. ಮಂಚುವಿನ ಮುಖವಿದೆ, ಲಿಪಿಯಿಲ್ಲ. ‘ಗರಿಗರಿ’ ಎಂದು ಬಂದ ಎರಡರಲ್ಲಿ ಒಂದಕ್ಕೆ ಸ್ಟೇಪ್ಲರ್ ತೂತು.